ಯಾರೂ ಸಹಿ ಹಾಕದ ಕಡಿತ

ಬೇಗ ಆಗಬೇಕೆ, ಅಗ್ಗಕ್ಕೆ ಆಗಬೇಕೆ, ಚೆನ್ನಾಗಿ ಆಗಬೇಕೆ? ಮೂರರಲ್ಲಿ ಎರಡನ್ನು ಆರಿಸಿಕೊಳ್ಳಿ, ಮೂರನೆಯದರ ಆಸೆ ಬಿಡಿ. ಸಾಫ್ಟ್‌ವೇರ್ ಕಂಪನಿಗಳ ಮೀಟಿಂಗ್ ಕೋಣೆಗಳಲ್ಲಿ ಬಹುಕಾಲದಿಂದ ಓಡಾಡುತ್ತಿರುವ ಮಾತು ಇದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಗುಣಮಟ್ಟ, ವೆಚ್ಚ, ಗಡುವು ಮೂರೂ ಒಂದೇ ಬಗೆಯವು, ಯಾರೋ ಕುಳಿತು ಯೋಚಿಸಿ ಅವುಗಳಲ್ಲೊಂದನ್ನು ತಿಳಿದೇ ಬಿಟ್ಟುಕೊಡುತ್ತಾರೆ ಎಂಬ ನಂಬಿಕೆ ಅದರೊಳಗೆ ಅಡಗಿದೆ. ನಡೆಯುವುದು ಹಾಗಲ್ಲ. ಹಣದ ಮೊತ್ತ ಒಪ್ಪಂದದ ಕಾಗದದಲ್ಲಿರುತ್ತದೆ. ಅದು ಏರಬೇಕಾದರೆ ಯಾರಾದರೂ ಸಹಿ ಹಾಕಲೇಬೇಕು. ಗಡುವು ಎಲ್ಲರಿಗೂ ಗೊತ್ತಿರುವ ತಾರೀಕು. ಅದು ಮುಂದಕ್ಕೆ ಹೋಗಬೇಕಾದರೆ ಯಾರಾದರೂ ಕ್ಲೈಂಟ್ ಮುಂದೆ ತಲೆ ತಗ್ಗಿಸಿ ಹೇಳಬೇಕು. ಗುಣಮಟ್ಟ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಕುಸಿಯುತ್ತದೆ. ಒಂದು ಟೆಸ್ಟ್ ಬಿಟ್ಟುಹೋಗುತ್ತದೆ, ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ನೋಡುವ ಕೆಲಸ ಮುಂದಿನ ವಾರಕ್ಕೆ ಹೋಗುತ್ತದೆ, ಅನುಮಾನ ಬಂದ ಒಂದು ಅಂಕಿಯನ್ನು ಯಾರೂ ಬೆನ್ನಟ್ಟುವುದಿಲ್ಲ. ಆ ದಿನ ಏನೂ ಆಗುವುದಿಲ್ಲ. ಆದ್ದರಿಂದ ನನ್ನ ವಾದವಿಷ್ಟು: ಹಣವನ್ನೂ ತಾರೀಕನ್ನೂ ಬಿಗಿದು ಕಟ್ಟಿದ ಮೇಲೆ ಕೆಲಸದ ವ್ಯಾಪ್ತಿಯನ್ನೂ ಬಿಗಿದರೆ ಅದು ಸಮತೋಲನವಾಗುವುದಿಲ್ಲ, ಗುಣಮಟ್ಟವನ್ನು ಕದ್ದು ಕತ್ತರಿಸುವ ಏರ್ಪಾಡಾಗುತ್ತದೆ. ಎಷ್ಟು ಕೆಲಸ ಮಾಡುವುದು, ಎಷ್ಟನ್ನು ಬಿಡುವುದು ಎಂಬುದನ್ನು ಬಹಿರಂಗವಾಗಿ ಚರ್ಚಿಸಿದಲ್ಲಿ ಮಾತ್ರ ಗುಣಮಟ್ಟ, ವೆಚ್ಚ, ಗಡುವು ಮೂರನ್ನೂ ಸರಿದೂಗಿಸಲು ಸಾಧ್ಯ.

ಸಾಫ್ಟ್‌ವೇರಿನಲ್ಲಿ ಹೀಗಾಗಲು ಕಾರಣವಿದೆ. ಇಲ್ಲಿ ಕಚ್ಚಾ ಸಾಮಗ್ರಿ ಎಂಬುದಿಲ್ಲ. ವೆಚ್ಚವೆಂದರೆ ಬಹುಪಾಲು ಸಂಬಳವೇ. ಇಷ್ಟು ಮಂದಿ ಇಷ್ಟು ತಿಂಗಳು ಕುಳಿತು ಯೋಚಿಸಿ ಬರೆದರು ಎಂಬುದೇ ಲೆಕ್ಕ. ಹಾಗಾಗಿ ಹಣ ಮತ್ತು ಕಾಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಎರಡನ್ನೂ ಎಣಿಸಬಹುದು. ಗುಣಮಟ್ಟವನ್ನು ಎಣಿಸುವುದು ಹೇಗೆ? ಎಲ್ಲವೂ ನೆಟ್ಟಗಿದ್ದಾಗ ಪ್ರೋಗ್ರಾಮು ಸರಿಯಾಗಿ ನಡೆಯುತ್ತದೆ ಎಂಬುದು ಅದರ ಸಣ್ಣ ಪಾಲು. ಬಳಕೆದಾರ ತಪ್ಪು ಗುಂಡಿ ಒತ್ತಿದಾಗ, ಒಂದೇ ಗಳಿಗೆಯಲ್ಲಿ ಲಕ್ಷ ಜನ ಒಳಗೆ ಬಂದಾಗ, ಪಕ್ಕದ ವ್ಯವಸ್ಥೆ ಬೇರೆ ಅಳತೆಯಲ್ಲಿ ಅಂಕಿ ಕಳಿಸಿದಾಗ, ಎರಡು ವರ್ಷದ ನಂತರ ಬಂದ ಹೊಸ ಎಂಜಿನಿಯರ್ ಅದನ್ನು ತಿದ್ದಬೇಕಾದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ದೊಡ್ಡ ಪಾಲು. ಡೆಮೊ ತೋರಿಸುವ ಅರ್ಧ ಗಂಟೆಯಲ್ಲಿ ಇದಾವುದೂ ಕಾಣುವುದಿಲ್ಲ. ಚೆನ್ನಾಗಿ ಪರೀಕ್ಷೆಯಾದ ಪ್ರೋಗ್ರಾಮೂ ಪರೀಕ್ಷೆಯೇ ಆಗದ ಪ್ರೋಗ್ರಾಮೂ ಡೆಮೊದಲ್ಲಿ ಒಂದೇ ರೀತಿ ಮಿಂಚುತ್ತವೆ.

ಇಂಥ ವಾದಕ್ಕೆ ಸಾಕ್ಷಿ ಒದಗಿಸುವುದು ಸುಲಭವಲ್ಲ, ಏಕೆಂದರೆ ಖಾಸಗಿ ಕಂಪನಿಗಳು ತಮ್ಮ ಸೋಲಿನ ಒಳಗುಟ್ಟನ್ನು ಹೊರಗೆ ಹಾಕುವುದಿಲ್ಲ. ಸಾರ್ವಜನಿಕ ಹಣದಲ್ಲಿ ನಡೆದು, ಸೋತು, ತನಿಖೆಗೊಳಗಾಗಿ, ವರದಿ ಬಯಲಿಗೆ ಬಂದ ಯೋಜನೆಗಳನ್ನೇ ನಾವು ನೋಡಬೇಕು. ಅವುಗಳಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ 1990ರ ದಶಕದಲ್ಲಿ ನಡೆಸಿದ ಪ್ರಯೋಗ ಈ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. 1992ರಲ್ಲಿ ನಾಸಾದ ಮುಖ್ಯಸ್ಥರಾಗಿ ಬಂದ ಡೇನಿಯಲ್ ಗೋಲ್ಡಿನ್ ‘ಇನ್ನೂ ಬೇಗ, ಇನ್ನೂ ಉತ್ತಮ, ಇನ್ನೂ ಅಗ್ಗ’ ಎಂಬುದನ್ನೇ ಸಂಸ್ಥೆಯ ಘೋಷವಾಕ್ಯ ಮಾಡಿಕೊಂಡರು. ಮೂರರಲ್ಲಿ ಎರಡನ್ನಲ್ಲ, ಮೂರನ್ನೂ ಕೇಳಿದರು. ಅದಕ್ಕೆ ಕಾರಣವೂ ಇತ್ತು. ಹಿಂದಿನ ದೈತ್ಯ ಯೋಜನೆಗಳು ಹತ್ತಾರು ವರ್ಷ ಎಳೆದು ನೂರಾರು ಕೋಟಿ ಡಾಲರ್ ನುಂಗುತ್ತಿದ್ದವು. ಅವುಗಳಲ್ಲೊಂದು ಕೈಕೊಟ್ಟರೆ ಒಂದು ಪೀಳಿಗೆಯ ವಿಜ್ಞಾನಿಗಳ ಕೆಲಸವೇ ಮುಳುಗಿಹೋಗುತ್ತಿತ್ತು. ಸಣ್ಣ ನೌಕೆಗಳನ್ನು ಹೆಚ್ಚು ಸಂಖ್ಯೆಯಲ್ಲಿ, ಬೇಗಬೇಗ ಹಾರಿಸೋಣ ಎಂಬ ಯೋಚನೆ ವಿವೇಕದ್ದೇ ಆಗಿತ್ತು.

ಮೊದಲ ದೊಡ್ಡ ಗೆಲುವು ಮಾರ್ಸ್ ಪಾತ್‌ಫೈಂಡರ್. 1997ರ ಜುಲೈ 4ರಂದು ಅದು ಗಾಳಿಚೀಲಗಳ ಮೇಲೆ ಪುಟಿಯುತ್ತ ಮಂಗಳನ ನೆಲಕ್ಕಿಳಿಯಿತು, ಹತ್ತೂವರೆ ಕೆ.ಜಿ. ತೂಕದ ಸೋಜರ್ನರ್ ಎಂಬ ಪುಟ್ಟ ಗಾಲಿಬಂಡಿಯನ್ನು ಹೊರಗೆ ಬಿಟ್ಟಿತು. ಉಡಾವಣೆ, ನಿರ್ವಹಣೆ ಎಲ್ಲ ಸೇರಿ ಖರ್ಚು ಸುಮಾರು 26.5 ಕೋಟಿ ಡಾಲರ್. 1976ರಲ್ಲಿ ಮಂಗಳಕ್ಕಿಳಿದ ಜೋಡಿ ವೈಕಿಂಗ್ ನೌಕೆಗಳಿಗೆ ಅಂದಿನ ಲೆಕ್ಕದಲ್ಲೇ ನೂರು ಕೋಟಿ ಡಾಲರ್ ಆಸುಪಾಸು ತಗುಲಿತ್ತು. ಆದರೆ ನೆಲಕ್ಕಿಳಿದ ಕೆಲವೇ ದಿನಗಳಲ್ಲಿ ಪಾತ್‌ಫೈಂಡರಿನ ಕಂಪ್ಯೂಟರ್ ತಾನಾಗಿಯೇ ಮತ್ತೆಮತ್ತೆ ರೀಸ್ಟಾರ್ಟ್ ಆಗತೊಡಗಿತು. ಹವಾಮಾನದ ಮಾಹಿತಿ ಕಲೆಹಾಕುವ, ಆದ್ಯತೆಯಲ್ಲಿ ಕೆಳಗಿದ್ದ ಒಂದು ಕೆಲಸ ಎಲ್ಲರೂ ಬಳಸುವ ಮಾಹಿತಿ ಮಾರ್ಗವನ್ನು ಹಿಡಿದುಕೊಂಡಿರುತ್ತಿತ್ತು. ಅದು ಬಿಡಲೆಂದು ಅತಿ ಮುಖ್ಯವಾದ ಇನ್ನೊಂದು ಕೆಲಸ ಕಾಯುತ್ತಿತ್ತು. ನಡುವಿನ ದರ್ಜೆಯ ಬೇರೆ ಕೆಲಸಗಳು ನುಗ್ಗಿ ಕೆಳಗಿನದನ್ನು ಮುಗಿಯಗೊಡುತ್ತಿರಲಿಲ್ಲ. ಮುಖ್ಯ ಕೆಲಸ ಹೊತ್ತಿಗೆ ಮುಗಿಯದ್ದನ್ನು ಕಂಡ ಕಾವಲು ಗಡಿಯಾರ ಇಡೀ ಕಂಪ್ಯೂಟರನ್ನು ಮೊದಲಿಂದ ಶುರು ಮಾಡುತ್ತಿತ್ತು, ಆ ದಿನದ ಉಳಿದ ಕೆಲಸ ಮರುದಿನಕ್ಕೆ ಹೋಗುತ್ತಿತ್ತು.

ಈ ದೋಷದ ಹಿನ್ನೆಲೆಯೇ ನನಗೆ ಮುಖ್ಯವಾಗಿ ಕಾಣುವುದು. ಅದರ ಸುಳಿವು ಉಡಾವಣೆಗೆ ಮುನ್ನವೇ ಸಿಕ್ಕಿತ್ತೆಂದು ಸಾಫ್ಟ್‌ವೇರ್ ತಂಡದ ಮುಖ್ಯಸ್ಥ ಗ್ಲೆನ್ ರೀವ್ಸ್ ಆಮೇಲೆ ಬರೆದರು. ಭೂಮಿಯ ಮೇಲಿನ ಪರೀಕ್ಷೆಗಳಲ್ಲೂ ಕಂಪ್ಯೂಟರ್ ಒಂದೆರಡು ಸಲ ಹೀಗೆ ರೀಸ್ಟಾರ್ಟ್ ಆಗಿತ್ತು. ಮತ್ತೆ ಅದೇ ರೀತಿ ಮಾಡಿ ನೋಡಲು ಆಗಿರಲಿಲ್ಲ. ಆಗ ತಂಡದ ಗಮನವೆಲ್ಲ ಮಂಗಳದ ವಾತಾವರಣವನ್ನು ಹೊಕ್ಕು ನೆಲ ಮುಟ್ಟುವ ಕೆಲವೇ ನಿಮಿಷಗಳ ಸಾಫ್ಟ್‌ವೇರಿನ ಮೇಲಿತ್ತು, ಏಕೆಂದರೆ ಅಲ್ಲಿ ತಪ್ಪಿದರೆ ಎರಡನೇ ಅವಕಾಶವಿಲ್ಲ. ನೆಲ ಮುಟ್ಟಿದ ಮೇಲಿನ ತೊಡಕನ್ನು ಆಮೇಲಾದರೂ ತಿದ್ದಿಕೊಳ್ಳಬಹುದು. ಹಾಗೆ ತಿದ್ದಲು ಬೇಕಾದ ಸಾಧನಗಳನ್ನು, ಒಳಗೆ ಏನು ನಡೆಯುತ್ತಿದೆ ಎಂದು ದಾಖಲಿಸುವ ಕೋಡನ್ನು ಅವರು ನೌಕೆಯಿಂದ ಕಿತ್ತುಹಾಕದೆ ಹಾಗೆಯೇ ಕಳಿಸಿದ್ದರು. ಪ್ರಯೋಗಾಲಯದಲ್ಲಿದ್ದ ಅವಳಿ ಯಂತ್ರದಲ್ಲಿ ಅದೇ ದೋಷವನ್ನು ಹುಟ್ಟಿಸಿ, ಕಾರಣ ಹಿಡಿದು, ಸಾಫ್ಟ್‌ವೇರಿನ ಒಂದು ಆಯ್ಕೆಯ ಮೌಲ್ಯ ಬದಲಿಸುವ ಆದೇಶವನ್ನು ಮಂಗಳಕ್ಕೆ ಕಳಿಸಿದರು; ತೊಂದರೆ ನಿಂತಿತು. ಗಡುವು ಕೊರಳಿಗೆ ಬಂದಾಗ ಗುಣಮಟ್ಟವನ್ನು ಎಲ್ಲಿ ಬಿಡಬಾರದು, ಎಲ್ಲಿ ಸ್ವಲ್ಪ ಸಡಿಲಿಸಬಹುದು, ಸಡಿಲಿಸಿದ ಕಡೆ ಯಾವ ಊರುಗೋಲು ಇಡಬೇಕು ಎಂಬುದನ್ನು ತಿಳಿದು ಮಾಡಿದ ಆಯ್ಕೆ ಇದು. ಇಂಥದ್ದನ್ನೇ ನಾನು ಸಮತೋಲನ ಎನ್ನುವುದು.

ಪಾತ್‌ಫೈಂಡರ್ ಗೆದ್ದದ್ದರಿಂದ ಇನ್ನೂ ಅಗ್ಗಕ್ಕೆ ಮಾಡಬಹುದೆಂಬ ಧೈರ್ಯ ಬಂತು. ಮುಂದಿನ ಜೋಡಿ ಯೋಜನೆಗೆ, ಅಂದರೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ಕಕ್ಷಾನೌಕೆ ಮತ್ತು ಮಾರ್ಸ್ ಪೋಲಾರ್ ಲ್ಯಾಂಡರ್ ಎಂಬ ಇಳಿನೌಕೆ ಎರಡಕ್ಕೂ ಸೇರಿಸಿ, ಉಡಾವಣೆ ಸಮೇತ ಕೊಟ್ಟದ್ದು ಸುಮಾರು 33 ಕೋಟಿ ಡಾಲರ್. ಭೂಮಿಯಿಂದ ಮಂಗಳಕ್ಕೆ ಹೊರಡುವ ಅನುಕೂಲದ ಕಾಲ 26 ತಿಂಗಳಿಗೊಮ್ಮೆ ಮಾತ್ರ ಬರುವುದರಿಂದ ತಾರೀಕು ಜಗ್ಗುವಂತಿರಲಿಲ್ಲ. ಯಾವ ವಿಜ್ಞಾನ ಉಪಕರಣ ಹೋಗಬೇಕು, ಯಾವ ರಾಕೆಟ್ ಒಯ್ಯಬೇಕು ಎಂಬುದೂ ನಿಗದಿಯಾಗಿತ್ತು. ಒಂದನ್ನಾದರೂ ಸಡಿಲಿಸೋಣ ಎಂದು ಕೇಳುವ ಧೈರ್ಯ ಕೆಳಗಿನವರಿಗೆ ಬರಲಿಲ್ಲ, ಕೇಳಿಸಿಕೊಳ್ಳುವ ಏರ್ಪಾಡು ಮೇಲಿನವರಲ್ಲಿ ಇರಲಿಲ್ಲ. ನೌಕೆ ಕಟ್ಟುತ್ತಿದ್ದ ಗುತ್ತಿಗೆ ಕಂಪನಿಯ ತಂಡದಲ್ಲಿ ಹೆಚ್ಚಿನವರು ದೀರ್ಘಕಾಲ ವಾರಕ್ಕೆ 60 ಗಂಟೆ, ಕೆಲವರು 80 ಗಂಟೆ ದುಡಿದರೆಂದು ತನಿಖೆಯಲ್ಲಿ ದಾಖಲಾಗಿದೆ. ಮುಖ್ಯವಾದ ಕೆಲವು ವಿಭಾಗಗಳನ್ನು ಒಬ್ಬೊಬ್ಬರೇ ನೋಡಿಕೊಳ್ಳುತ್ತಿದ್ದರು. ಒಬ್ಬರ ಕೆಲಸವನ್ನು ಇನ್ನೊಬ್ಬರು ತಾಳ್ಮೆಯಿಂದ ನೋಡುವಷ್ಟು ಬಿಡುವು ಯಾರಿಗೂ ಇರಲಿಲ್ಲ.

1999ರ ಸೆಪ್ಟೆಂಬರ್ 23ರಂದು ಕ್ಲೈಮೇಟ್ ಆರ್ಬಿಟರ್ ಮಂಗಳದ ಹಿಂದೆ ಮರೆಯಾದದ್ದು ಮತ್ತೆ ಕಾಣಿಸಲಿಲ್ಲ. ನೆಲದಿಂದ 226 ಕಿ.ಮೀ. ಎತ್ತರದಲ್ಲಿ ಸಾಗಬೇಕಿದ್ದ ನೌಕೆ ಸುಮಾರು 57 ಕಿ.ಮೀ. ಎತ್ತರದಲ್ಲಿ ವಾತಾವರಣಕ್ಕೆ ನುಗ್ಗಿತ್ತು. ಕಾರಣ ಇಂದು ಪಠ್ಯಪುಸ್ತಕದ ಕಥೆಯಾಗಿದೆ. ಭೂಮಿಯಲ್ಲಿದ್ದ ಒಂದು ಪ್ರೋಗ್ರಾಮು ನೌಕೆಯ ಸಣ್ಣ ಎಂಜಿನ್‌ಗಳ ತಳ್ಳುವಿಕೆಯನ್ನು ಪೌಂಡ್ ಲೆಕ್ಕದಲ್ಲಿ ಬರೆದು ಕಳಿಸುತ್ತಿತ್ತು, ಅದನ್ನು ಓದುವ ಪ್ರೋಗ್ರಾಮು ನ್ಯೂಟನ್ ಎಂದುಕೊಂಡು ಲೆಕ್ಕ ಹಾಕುತ್ತಿತ್ತು. ಒಂದಕ್ಕೊಂದು 4.45 ಪಟ್ಟು ವ್ಯತ್ಯಾಸ. ಇದನ್ನು ‘ಯಾರೋ ಎಂಜಿನಿಯರ್ ಅಳತೆ ಮರೆತ ಕಥೆ’ ಎಂದು ಹೇಳಿ ಮುಗಿಸುವುದು ಅನ್ಯಾಯ. ಮೆಟ್ರಿಕ್ ಅಳತೆಯೇ ಇರಬೇಕೆಂದು ಲಿಖಿತ ನಿಯಮವಿತ್ತು; ಆ ನಿಯಮ ಪಾಲನೆಯಾಗಿದೆಯೇ ಎಂದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪರೀಕ್ಷಿಸುವ ಕೆಲಸ ನಡೆದಿರಲಿಲ್ಲ. ಹಾರಾಟದ ಮೊದಲ ತಿಂಗಳುಗಳಲ್ಲಿ ಆ ಫೈಲುಗಳು ಬೇರೆ ದೋಷದಿಂದಾಗಿ ಬಳಕೆಗೇ ಬಂದಿರಲಿಲ್ಲ. ಬಂದ ಮೇಲೆ ಅಂಕಿಗಳು ಹೊಂದುತ್ತಿಲ್ಲವೆಂಬ ಅನುಮಾನ ನ್ಯಾವಿಗೇಶನ್ ತಂಡಕ್ಕೆ ಬಂದಿತ್ತು. ಆ ಪುಟ್ಟ ತಂಡ ಏಕಕಾಲಕ್ಕೆ ಮೂರು ಮಂಗಳ ನೌಕೆಗಳನ್ನು ನೋಡಿಕೊಳ್ಳುತ್ತಿತ್ತು. ಅನುಮಾನ ಇಮೇಲುಗಳಲ್ಲಿ, ಮಾತುಕತೆಯಲ್ಲಿ ಸುಳಿದಾಡಿತೇ ಹೊರತು ‘ಇದಕ್ಕೆ ಉತ್ತರ ಸಿಗುವವರೆಗೆ ಮುಂದೆ ಹೋಗುವಂತಿಲ್ಲ’ ಎಂಬ ಅಧಿಕೃತ ದೂರಾಗಲಿಲ್ಲ.

ಎರಡೂವರೆ ತಿಂಗಳೊಳಗೆ, ಡಿಸೆಂಬರ್ 3ರಂದು, ಪೋಲಾರ್ ಲ್ಯಾಂಡರ್ ಕೂಡ ಸದ್ದಡಗಿತು. ಅದರ ಕಾಲುಗಳು ನೆಲದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ ಬಿಚ್ಚಿಕೊಂಡಾಗ ಆದ ಅದುರನ್ನು ಸೆನ್ಸರುಗಳು ‘ನೆಲ ತಾಗಿತು’ ಎಂದು ತಿಳಿದಿರಬೇಕು. ಸಾಫ್ಟ್‌ವೇರ್ ಆ ಸುಳ್ಳು ಸಂಕೇತವನ್ನು ಅಳಿಸದೆ ನೆನಪಿಟ್ಟುಕೊಂಡು, ನೆಲ ಇನ್ನೂ 40 ಮೀಟರ್ ಕೆಳಗಿರುವಾಗಲೇ ಎಂಜಿನ್ ನಿಲ್ಲಿಸಿರಬೇಕು. ಇದು ತನಿಖಾ ಮಂಡಳಿ ಹೇಳಿದ ‘ಅತ್ಯಂತ ಸಂಭವನೀಯ ಕಾರಣ’. ಕಾಲು ಬಿಚ್ಚುವ ಪರೀಕ್ಷೆಯೇನೋ ಮುಂಚೆಯೇ ನಡೆದಿತ್ತು, ಆದರೆ ಆಗ ಸೆನ್ಸರಿನ ವೈರಿಂಗ್ ತಪ್ಪಾಗಿತ್ತು. ವೈರಿಂಗ್ ಸರಿಪಡಿಸಿದ ಮೇಲೆ ಪರೀಕ್ಷೆಯನ್ನು ಮತ್ತೆ ಮಾಡಲಿಲ್ಲ. ಅದಕ್ಕಿಂತ ಸಂಕಟದ ಸಂಗತಿ ಇನ್ನೊಂದಿದೆ. ಇಳಿಯುವ ಹೊತ್ತಿನಲ್ಲಿ ನೌಕೆಯಿಂದ ಭೂಮಿಗೆ ಮಾಹಿತಿ ಕಳಿಸುವ ಏರ್ಪಾಡನ್ನು ಖರ್ಚು ಉಳಿಸಲು ಕೈಬಿಟ್ಟಿದ್ದರು. ಹಾಗಾಗಿ ಆ ಕೊನೆಯ ನಿಮಿಷಗಳಲ್ಲಿ ಏನಾಯಿತೆಂದು ಖಚಿತವಾಗಿ ತಿಳಿಯುವ ದಾರಿ ಎಂದೆಂದಿಗೂ ಮುಚ್ಚಿಹೋಯಿತು. ಪಾತ್‌ಫೈಂಡರ್ ತಂಡ ಉಳಿಸಿಕೊಂಡಿದ್ದ ಊರುಗೋಲನ್ನೇ ಇಲ್ಲಿ ಕಿತ್ತುಹಾಕಲಾಗಿತ್ತು.

ಹಿಂದೆ ವೈಕಿಂಗ್ ಯೋಜನೆಯಲ್ಲಿ ಕೆಲಸ ಮಾಡಿದ್ದ ಥಾಮಸ್ ಯಂಗ್ ನೇತೃತ್ವದ ಸ್ವತಂತ್ರ ತಂಡ 2000ದ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಯೋಜನೆಗೆ ಬೇಕಾದುದಕ್ಕಿಂತ ಕನಿಷ್ಠ ಶೇ. 30ರಷ್ಟು ಕಡಿಮೆ ಹಣ ಕೊಡಲಾಗಿತ್ತು ಎಂಬುದು ಅದರ ಒಂದು ನಿರ್ಣಯ. ಅದಕ್ಕಿಂತ ಆಳವಾದದ್ದು ಇನ್ನೊಂದು: ಹಣ, ತಾರೀಕು, ವಿಜ್ಞಾನದ ಗುರಿ, ರಾಕೆಟ್ ನಾಲ್ಕನ್ನೂ ಅಲುಗಾಡದಂತೆ ಬಿಗಿದ ಮೇಲೆ ಹೆಚ್ಚುಕಡಿಮೆ ಮಾಡಲು ಉಳಿದದ್ದು ಯೋಜನೆಯ ಮಾರ್ಜಿನ್ ಒಂದೇ. ಒಳ್ಳೆಯ ದರ್ಜಿ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಮಡಚಿ ಬಿಡುತ್ತಾನಲ್ಲ, ಹಾಗೆ ಪ್ರತಿ ಯೋಜನೆಯೊಳಗೂ ಮರುಪರೀಕ್ಷೆಗೆ, ಅನುಮಾನ ಪರಿಹಾರಕ್ಕೆ, ಅನಿರೀಕ್ಷಿತಕ್ಕೆ ಮಡಚಿಟ್ಟ ಸಮಯ ಮತ್ತು ಹಣವೇ ಮಾರ್ಜಿನ್. ಹೊರಗಿನಿಂದ ನೋಡುವವರಿಗೆ ಅದು ಕಾಣದು. ಆದ್ದರಿಂದ ಮೊದಲ ಕತ್ತರಿ ಬೀಳುವುದೂ ಅದಕ್ಕೇ. ಗಮನಿಸಬೇಕಾದದ್ದೆಂದರೆ ಯಂಗ್ ವರದಿ ಗೋಲ್ಡಿನ್ ಅವರ ಘೋಷವಾಕ್ಯವನ್ನು ತಳ್ಳಿಹಾಕಲಿಲ್ಲ. ಸರಿಯಾಗಿ ಅನ್ವಯಿಸಿದರೆ ಅದು ಫಲ ಕೊಡುವ ವಿಧಾನವೇ ಎಂದಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಬೇಗ, ಅಗ್ಗ, ಉತ್ತಮ ಮೂರೂ ಒಟ್ಟಿಗೆ ಸಾಧ್ಯವೆಂದು ನಮ್ಮ ಮಂಗಳಯಾನವೇ ತೋರಿಸಲಿಲ್ಲವೆ? 2012ರ ಆಗಸ್ಟ್‌ನಲ್ಲಿ ಘೋಷಣೆಯಾಗಿ 2013ರ ನವೆಂಬರ್ 5ಕ್ಕೆ ಹಾರಿ, 2014ರ ಸೆಪ್ಟೆಂಬರ್ 24ರಂದು ಮೊದಲ ಯತ್ನದಲ್ಲೇ ಮಂಗಳದ ಕಕ್ಷೆ ಸೇರಿತು; ವೆಚ್ಚ 450 ಕೋಟಿ ರೂಪಾಯಿ. ನೌಕೆ ಸಿದ್ಧವಾದದ್ದೂ, ಪೀಣ್ಯದ ಕೇಂದ್ರದಿಂದ ಅದನ್ನು ನಡೆಸಿದ್ದೂ ಬೆಂಗಳೂರಿನಲ್ಲಿ. ಈ ಸಾಧನೆ ಹೇಗಾಯಿತೆಂದು ನೋಡಿದರೆ ಅದು ನನ್ನ ವಾದವನ್ನು ಬಲಪಡಿಸುತ್ತದೆ. ನೌಕೆಯಲ್ಲಿದ್ದ ಐದು ಉಪಕರಣಗಳ ಒಟ್ಟು ತೂಕ 15 ಕೆ.ಜಿ. ಮಾತ್ರ. ದೊಡ್ಡ ರಾಕೆಟ್ಟಿಗಾಗಿ ಕಾಯದೆ ಪಳಗಿದ ಪಿಎಸ್‌ಎಲ್‌ವಿಯನ್ನೇ ಬಳಸಿದರು. ಅದರಿಂದಾಗಿ ಮಂಗಳವನ್ನು ಹತ್ತಿರದಿಂದ ಸುತ್ತುವ ಬದಲು ಒಂದು ಕಡೆ ಸುಮಾರು 77,000 ಕಿ.ಮೀ. ದೂರಕ್ಕೆ ಚಾಚುವ ಉದ್ದನೆಯ ಕಕ್ಷೆಗೆ ಒಪ್ಪಿಕೊಂಡರು. ಚಂದ್ರಯಾನ-1ರಲ್ಲಿ ಪಳಗಿದ ನೌಕೆಯ ಮಾದರಿಯನ್ನೇ ಮುಂದುವರಿಸಿದರು. ಮುಖ್ಯ ಗುರಿ ಮಂಗಳ ತಲುಪುವ ತಂತ್ರಜ್ಞಾನವನ್ನು ಸಾಧಿಸುವುದು, ವಿಜ್ಞಾನ ಆಮೇಲಿನದು ಎಂದು ಆರಂಭದಲ್ಲೇ ಹೇಳಿದ್ದರು. ಅಂದರೆ ಹಣ ಮತ್ತು ತಾರೀಕನ್ನು ಬಿಗಿದು, ವ್ಯಾಪ್ತಿಯನ್ನು ತಿಳಿದೇ ಕಿರಿದು ಮಾಡಿದರು. ಉಳಿದ ಕೆಲಸದಲ್ಲಿ ರಾಜಿ ಇರಲಿಲ್ಲ. ಸುಮಾರು 300 ದಿನ ಸುಮ್ಮನಿದ್ದ ಮುಖ್ಯ ಎಂಜಿನ್ ಸಮಯಕ್ಕೆ ಹೊತ್ತುತ್ತದೆಯೇ ಎಂದು ಕಕ್ಷೆ ಸೇರುವ ಎರಡು ದಿನ ಮೊದಲು ಸುಮಾರು ನಾಲ್ಕು ಸೆಕೆಂಡು ಉರಿಸಿ ಪರೀಕ್ಷಿಸಿದ್ದನ್ನು ನೆನಪಿಸಿಕೊಳ್ಳಿ.

ಎರಡನೆಯ ಆಕ್ಷೇಪ ಮ್ಯಾನೇಜರುಗಳದ್ದು: ಕೆಲಸ ತಡವಾದರೆ ಜನ ಸೇರಿಸಿದರಾಯಿತು, ಗುಣಮಟ್ಟ ಏಕೆ ಕೆಡಬೇಕು? ಇದಕ್ಕೆ ಅರ್ಧ ಶತಮಾನದ ಹಿಂದೆಯೇ ಉತ್ತರ ಸಿಕ್ಕಿದೆ. 1960ರ ದಶಕದಲ್ಲಿ ಐಬಿಎಂ ಕಂಪನಿಯ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟುವ ಹೊಣೆ ಹೊತ್ತಿದ್ದವರು ಫ್ರೆಡ್ ಬ್ರೂಕ್ಸ್. ಒಂದು ಹಂತದಲ್ಲಿ ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ತೊಡಗಿದ್ದರು. ಆದರೂ ಅದು ತಡವಾಯಿತು, ನಿರೀಕ್ಷೆಗಿಂತ ಹೆಚ್ಚು ಖರ್ಚಾಯಿತು, ಮೊದಮೊದಲ ಆವೃತ್ತಿಗಳು ಚೆನ್ನಾಗಿ ನಡೆಯಲಿಲ್ಲ. ಆ ಅನುಭವದಿಂದ ಅವರು 1975ರ ತಮ್ಮ ಪುಸ್ತಕದಲ್ಲಿ ಹೇಳಿದ ನಿಯಮ ಇಂದಿಗೂ ಅವರ ಹೆಸರಿನಲ್ಲೇ ಇದೆ: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಹೊಸಬರಿಗೆ ಕೆಲಸ ಕಲಿಸಲು ಹಳಬರೇ ಬೇಕು. ಜನ ಹೆಚ್ಚಿದಂತೆ ಪರಸ್ಪರ ಮಾತಾಡಿಕೊಳ್ಳಬೇಕಾದ ಜೋಡಿಗಳು ಅದಕ್ಕಿಂತ ಬಹಳ ವೇಗವಾಗಿ ಹೆಚ್ಚುತ್ತವೆ. ಐವರ ತಂಡದಲ್ಲಿ 10 ಜೋಡಿ, ಹತ್ತು ಮಂದಿಯಲ್ಲಿ 45, ಐವತ್ತು ಮಂದಿಯಲ್ಲಿ 1,225. ಅಳತೆಯ ಗೊಂದಲದಂಥ ತಪ್ಪುಗಳು ಹುಟ್ಟುವುದು ಇಬ್ಬರ ಕೆಲಸ ಕೂಡುವ ಈ ಜಾಗಗಳಲ್ಲೇ. ನಿಯಮಕ್ಕೆ ಮಿತಿಯಿದೆ, ಒಪ್ಪುತ್ತೇನೆ. ಆರಂಭದಲ್ಲೇ ಯೋಚಿಸಿ ಸೇರಿಸಿದ ಜನರಿಂದ ಲಾಭವಾಗಬಹುದು. ಗಡುವಿಗೆ ಎರಡು ತಿಂಗಳಿರುವಾಗ ಸೇರಿಸಿದವರಿಂದ ಆಗುವುದಿಲ್ಲ.

ಪರೀಕ್ಷೆ ದುಬಾರಿ, ಎಲ್ಲವನ್ನೂ ಪರೀಕ್ಷಿಸುತ್ತ ಕುಳಿತರೆ ಏನೂ ಹೊರಬರುವುದಿಲ್ಲ ಎಂಬುದು ಇನ್ನೊಂದು ಮಾತು. ನಿಜ, ಎಲ್ಲವನ್ನೂ ಪರೀಕ್ಷಿಸಲಾಗದು. ಆದರೆ ಬಿಟ್ಟದ್ದರ ಬೆಲೆಯನ್ನು ಯಾರು ಲೆಕ್ಕ ಹಾಕಿದರು? 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ನಲವತ್ತು ಸೆಕೆಂಡಿನೊಳಗೆ ದಾರಿ ತಪ್ಪಿ ಛಿದ್ರವಾಯಿತು, ನಾಲ್ಕು ವಿಜ್ಞಾನ ಉಪಗ್ರಹಗಳು ನಾಶವಾದವು. ದಿಕ್ಕು ತೋರಿಸುವ ಉಪಕರಣದ ಸಾಫ್ಟ್‌ವೇರನ್ನು ಹಳೆಯ ಏರಿಯಾನ್-4ರಿಂದ ಹಾಗೆಯೇ ತಂದಿದ್ದರು. ಹೊಸ ರಾಕೆಟ್ಟಿನ ವೇಗದಲ್ಲಿ ಒಂದು ಸಂಖ್ಯೆ ಅದಕ್ಕೆ ಮೀಸಲಾದ ಜಾಗಕ್ಕಿಂತ ದೊಡ್ಡದಾಯಿತು. ತಪ್ಪಿಗೆ ಕಾರಣವಾದ ಆ ಲೆಕ್ಕಾಚಾರ ಏರಿಯಾನ್-5 ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ಹೊಸ ರಾಕೆಟ್ಟಿನ ಹಾರಾಟದ ಅಂಕಿಗಳನ್ನು ಉಣಿಸಿ ಉಪಕರಣವನ್ನು ಪರೀಕ್ಷಿಸುವ ಅಗತ್ಯವಿಲ್ಲ ಎಂದು ಮೊದಲು ತೀರ್ಮಾನಿಸಿದ್ದರು. ಅಪಘಾತದ ನಂತರ ಅದೇ ಅಂಕಿಗಳಿಂದ ಪರೀಕ್ಷೆ ಮಾಡಿದಾಗ ಅದೇ ದೋಷ ಎದ್ದು ನಿಂತಿತು. ‘ಹಳೆಯ ಕೋಡ್ ಚೆನ್ನಾಗಿ ಓಡುತ್ತಿದೆ, ಮತ್ತೆ ಟೆಸ್ಟ್ ಏಕೆ’ ಎಂಬ ಮಾತನ್ನು ಕೇಳಿದಾಗಲೆಲ್ಲ ಈ ರಾಕೆಟ್ಟನ್ನು ನೆನೆಯಬೇಕು.

ಮಾರುಕಟ್ಟೆಯ ವಾದ ಇನ್ನೂ ಗಟ್ಟಿ. ಮೊದಲು ಬಂದವನಿಗೆ ಗಿರಾಕಿ ಸಿಗುತ್ತಾನೆ, ಮಂಗಳ ನೌಕೆಯ ನಿಯಮವನ್ನು ಊಟ ತರಿಸುವ ಆ್ಯಪ್‌ಗೆ ಹೇರಿದರೆ ಕಂಪನಿ ಮುಚ್ಚಬೇಕು. ಇದನ್ನು ನಾನು ಬಹುಪಾಲು ಒಪ್ಪುತ್ತೇನೆ. ತಪ್ಪಿನಿಂದಾಗುವ ಹಾನಿ ಎಷ್ಟು, ಅದನ್ನು ಎಷ್ಟು ಬೇಗ ಹಿಂದಕ್ಕೆ ಪಡೆಯಬಹುದು ಎಂಬುದರ ಮೇಲೆ ಗುಣಮಟ್ಟದ ಮಟ್ಟ ನಿಲ್ಲಬೇಕು. ಅಲ್ಲದೆ ವೇಗ ಮತ್ತು ಗುಣಮಟ್ಟ ಹುಟ್ಟು ವೈರಿಗಳೂ ಅಲ್ಲ. ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಸಂಗಡಿಗರು ಹಲವು ವರ್ಷಗಳ ಸಮೀಕ್ಷೆಗಳನ್ನು ಆಧರಿಸಿ 2018ರಲ್ಲಿ ಪ್ರಕಟಿಸಿದ ಪುಸ್ತಕದ ಪ್ರಕಾರ, ಅಡಿಗಡಿಗೆ ಸಣ್ಣಸಣ್ಣ ರಿಲೀಸ್ ಮಾಡುವ ತಂಡಗಳಲ್ಲೇ ವೈಫಲ್ಯವೂ ಕಡಿಮೆ. ಸಣ್ಣ ಬದಲಾವಣೆಯನ್ನು ಪರೀಕ್ಷಿಸುವುದೂ ಸುಲಭ, ಹಿಂದಕ್ಕೆ ಪಡೆಯುವುದೂ ಸುಲಭ. ಆದರೆ ಆ ವೇಗದ ಹಿಂದೆ ಯಂತ್ರವೇ ನಡೆಸುವ ಪರೀಕ್ಷೆಗಳ ಸಾಲು, ಮೊದಲು ಕೆಲವರಿಗೆ ಕೊಟ್ಟು ನೋಡಿ ಆಮೇಲೆ ಎಲ್ಲರಿಗೂ ಕೊಡುವ ಶಿಸ್ತು ಇರುತ್ತದೆ. ಅದಿಲ್ಲದೆ ವೇಗವನ್ನಷ್ಟೇ ಇಟ್ಟುಕೊಂಡರೆ ಏನಾಗುತ್ತದೆಂದು 2024ರ ಜುಲೈ 19ರಂದು ಜಗತ್ತು ಕಂಡಿತು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ಸಾಫ್ಟ್‌ವೇರಿನ ಒಂದು ದೋಷಪೂರಿತ ಫೈಲು ಹಂತಹಂತವಾಗಿ ಹೋಗದೆ ಎಲ್ಲೆಡೆಗೂ ಒಮ್ಮೆಲೇ ಹೋಗಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೈಕೊಟ್ಟವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು.

ಕೆಲವು ತಾರೀಕುಗಳು ಕಾನೂನಿನವು, ಅವುಗಳನ್ನು ಯಾರೂ ಮುರಿಯುವಂತಿಲ್ಲ ಎಂಬ ಮಾತೂ ಇದೆ. ಅಮೆರಿಕದ ಆರೋಗ್ಯ ವಿಮೆ ಜಾಲತಾಣ ಹೆಲ್ತ್‌ಕೇರ್ ಡಾಟ್ ಗವ್ ಅಂಥ ತಾರೀಕಿಗೆ, 2013ರ ಅಕ್ಟೋಬರ್ 1ಕ್ಕೆ, ತೆರೆದುಕೊಂಡಿತು. ಹತ್ತಾರು ಗುತ್ತಿಗೆದಾರರು ಬರೆದ ಭಾಗಗಳನ್ನು ಕೂಡಿಸಿ ಆದಿಯಿಂದ ಅಂತ್ಯದವರೆಗೆ ಪರೀಕ್ಷಿಸಲು ಸಿಕ್ಕಿದ್ದು ಕೊನೆಯ ಎರಡು ವಾರ. ಮೊದಲ ದಿನ ನೋಂದಣಿ ಪೂರೈಸಲು ಸಾಧ್ಯವಾದದ್ದು ಆರು ಮಂದಿಗೆ. ನಮ್ಮಲ್ಲಿ ಆದಾಯ ತೆರಿಗೆಯ ಹೊಸ ಪೋರ್ಟಲ್ 2021ರ ಜೂನ್ 7ರಂದು ಶುರುವಾದಾಗ ಲಾಗಿನ್ನಿಂದ ಹಿಡಿದು ರಿಟರ್ನ್ ಸಲ್ಲಿಕೆಯವರೆಗೆ ತೊಡಕುಗಳ ಸರಮಾಲೆ. ಹಣಕಾಸು ಸಚಿವರೇ ಪೋರ್ಟಲ್ ಕಟ್ಟಿದ ಕಂಪನಿಯ ಮುಖ್ಯಸ್ಥರನ್ನು ಕರೆಸಿ ಕೇಳಿದರು, ರಿಟರ್ನ್ ಸಲ್ಲಿಸುವ ಕೊನೆಯ ದಿನವನ್ನು ಡಿಸೆಂಬರ್ 31ಕ್ಕೆ ಮುಂದೂಡಬೇಕಾಯಿತು. ಈ ಎರಡರಲ್ಲೂ ನಷ್ಟ ಯಾರಿಗೆ ಆಯಿತೆಂದು ಕೇಳಿದರೆ ಬೇಗ, ಅಗ್ಗ, ಉತ್ತಮ ಎಂಬ ಆ ಮೂರರ ಲೆಕ್ಕದ ದೊಡ್ಡ ಕೊರತೆ ಕಾಣುತ್ತದೆ. ಯೋಜನೆಯ ಪುಸ್ತಕದಲ್ಲಿ ಉಳಿದ ಹಣ ಮತ್ತು ದಿನಗಳನ್ನು ರಾತ್ರಿಯೆಲ್ಲ ಪರದೆ ನೋಡುತ್ತ ಕೂತ ತೆರಿಗೆ ಸಲಹೆಗಾರರು, ವಿಮೆಗೆ ಕಾದ ರೋಗಿಗಳು ತಮ್ಮ ಹೊತ್ತಿನಿಂದ ತುಂಬಿಕೊಟ್ಟರು. ಕಾನೂನಿನ ತಾರೀಕು ಅಲುಗಾಡದಿದ್ದರೆ, ಆ ದಿನ ಮೂರೇ ಸೇವೆಗಳು ತೆರೆಯಲಿ, ಆ ಮೂರು ಗಟ್ಟಿಯಾಗಿರಲಿ ಎಂದು ಆರು ತಿಂಗಳ ಮೊದಲೇ ಹೇಳಬಹುದಿತ್ತು.

ಹಾಗೆ ಕಿರಿದು ಮಾಡಿಕೊಳ್ಳುವುದು ಸೋಲಲ್ಲ ಎಂಬುದಕ್ಕೆ ಚಂದ್ರಯಾನ-3 ಒಳ್ಳೆಯ ಸಾಕ್ಷಿ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಇಳಿನೌಕೆ ವಿಕ್ರಮ್ ಇಳಿಯುವಾಗ ಸೋತದ್ದೇಕೆಂದು ಆಮೇಲೆ ಇಸ್ರೋ ಅಧ್ಯಕ್ಷರಾದ ಎಸ್. ಸೋಮನಾಥ್ ಬಿಚ್ಚಿ ಹೇಳಿದರು: ಎಂಜಿನ್‌ಗಳ ಒತ್ತುಬಲ ಎಣಿಸಿದ್ದಕ್ಕಿಂತ ಹೆಚ್ಚಾಗಿ ವ್ಯತ್ಯಾಸ ಕೂಡುತ್ತ ಹೋಯಿತು, ಅದನ್ನು ಸರಿಪಡಿಸಲು ಬೇಗ ತಿರುಗಬೇಕಾದ ನೌಕೆಗೆ ಸಾಫ್ಟ್‌ವೇರ್ ಹಾಕಿದ್ದ ಮಿತಿ ಅಡ್ಡಬಂತು, ಇಳಿಯಬೇಕಾದ ಜಾಗವೋ 500 ಮೀಟರ್ ಉದ್ದಗಲದ ಕಿರುತಾಣ. ಮುಂದಿನ ನೌಕೆಯಲ್ಲಿ ಏನೆಲ್ಲ ಕೆಡಬಹುದು ಎಂಬುದರಿಂದಲೇ ವಿನ್ಯಾಸ ಶುರು ಮಾಡಿದರು. ಇಳಿಯುವ ಜಾಗವನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಾಯಿತು, ನಡುವಿನ ಐದನೇ ಎಂಜಿನ್ ಹೋಯಿತು. ಹೊಸ ಕಕ್ಷಾನೌಕೆ ಕಟ್ಟದೆ ಚಂದ್ರನನ್ನು ಆಗಲೇ ಸುತ್ತುತ್ತಿದ್ದ ಚಂದ್ರಯಾನ-2ರ ಕಕ್ಷಾನೌಕೆಯನ್ನೇ ಸಂಪರ್ಕಕ್ಕೆ ಬಳಸಿದರು. ಚಂದ್ರಯಾನ-2ಕ್ಕೆ 978 ಕೋಟಿ ರೂಪಾಯಿ ಆಗಿದ್ದರೆ ಇದಕ್ಕೆ ಆದದ್ದು 615 ಕೋಟಿ. ಮೊದಲು ಹೇಳಿದ್ದ ತಾರೀಕುಗಳು ಜಾರಿದವು. ಕೋವಿಡ್ ಕೂಡ ಅದಕ್ಕೆ ಕಾರಣ. ನಾಲ್ಕು ವರ್ಷದ ಅಂತರದಲ್ಲಿ, 2023ರ ಆಗಸ್ಟ್ 23ರಂದು ನೌಕೆ ನೆಟ್ಟಗೆ ಇಳಿಯಿತು. ವ್ಯಾಪ್ತಿ ತಗ್ಗಿತು, ಮಾರ್ಜಿನ್ ಹೆಚ್ಚಿತು, ತಾರೀಕು ಬಾಗಿತು, ಹಣವೂ ಉಳಿಯಿತು. ಇದೆಲ್ಲ ಕಾಗದದ ಮೇಲೆ, ಎಲ್ಲರಿಗೂ ಕಾಣುವಂತೆ ನಡೆಯಿತು.

ಇನ್ನು ಬೆಂಗಳೂರಿನ ದಿನನಿತ್ಯದ ಕೆಲಸಕ್ಕೆ ಬರೋಣ. ಇಂತಿಷ್ಟು ಕೆಲಸ, ಇಂತಿಷ್ಟು ಹಣ, ಇಂಥ ದಿನ ಎಂದು ಮೊದಲೇ ಬರೆದುಕೊಂಡ ಫಿಕ್ಸೆಡ್ ಪ್ರೈಸ್ ಒಪ್ಪಂದಗಳಲ್ಲಿ ಟೆಸ್ಟಿಂಗ್ ಬರುವುದು ಕಟ್ಟಕಡೆಗೆ. ಕೋಡ್ ಬರೆಯುವುದು ಮೂರು ವಾರ ತಡವಾದರೆ ಆ ಮೂರು ವಾರ ಹೋಗುವುದು ಟೆಸ್ಟಿಂಗಿನಿಂದ. ಇದಕ್ಕೆ ಯಾರೂ ಸಹಿ ಹಾಕುವುದಿಲ್ಲ. ಪರಿಹಾರ ದೊಡ್ಡ ಸಿದ್ಧಾಂತವೇನೂ ಬೇಡುವುದಿಲ್ಲ. ವಾರದ ವರದಿಯಲ್ಲಿ ಹಣ ಮತ್ತು ದಿನಗಳ ಪಕ್ಕದಲ್ಲಿ ಯಾವ ಪರೀಕ್ಷೆ ನಡೆದಿಲ್ಲ, ಯಾರ ತೀರ್ಮಾನದಿಂದ ನಡೆದಿಲ್ಲ ಎಂಬ ಕಲಂ ಇರಬೇಕು; ತಡವಾದರೆ ಯಾವ ಸೌಲಭ್ಯವನ್ನು ಮೊದಲು ಕೈಬಿಡುವುದೆಂದು ಒಪ್ಪಂದದಲ್ಲೇ ಸರದಿ ಬರೆದಿರಬೇಕು. ಅಂಥ ಕಲಂ ತೋರಿಸಿದ ಕಂಪನಿಯನ್ನು ಬಿಟ್ಟು ಕ್ಲೈಂಟ್ ಇನ್ನೊಂದರ ಬಳಿ ಹೋದರೆ? ಕೆಲವರು ಹೋಗುತ್ತಾರೆ, ಅದು ದಿಟವಾದ ನಷ್ಟ. ಆದ್ದರಿಂದಲೇ ಈ ಪದ್ಧತಿಯನ್ನು ಕೊಳ್ಳುವವರು ಶುರು ಮಾಡಬೇಕು, ಅದರಲ್ಲೂ ಸರ್ಕಾರ. ಭೂಮಿ, ಕಾವೇರಿ, ಸೇವಾ ಸಿಂಧು ಇಂಥ ವ್ಯವಸ್ಥೆಗಳ ಮೇಲೆ ರಾಜ್ಯದ ಕೋಟ್ಯಂತರ ಜನರ ಪಹಣಿ, ನೋಂದಣಿ, ಪ್ರಮಾಣಪತ್ರ ನಿಂತಿವೆ. ಅತಿ ಕಡಿಮೆ ಬೆಲೆ ಕೂಗಿದವರಿಗೇ ಕೆಲಸ ಕೊಡಬೇಕೆಂಬ ಕಟ್ಟು ಕೂಡ ಮೊದಲಿನಷ್ಟು ಬಿಗಿಯಾಗಿಲ್ಲ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಗುಣಮಟ್ಟ ಮುಖ್ಯವೆಂದು ಘೋಷಿಸಿದ ಖರೀದಿಗಳಲ್ಲಿ ಅದಕ್ಕೆ ಶೇ. 30ರವರೆಗೆ ಅಂಕ ಕೊಡಲು ಅವಕಾಶವಿದೆ. ಆ ಅಂಕವನ್ನು ಯಾವುದಕ್ಕೆ ಕೊಡಬೇಕು, ಯಾವ ಪರೀಕ್ಷೆ ಗೆದ್ದರೆ ಹಣ ಬಿಡುಗಡೆ, ಯಾವುದು ಉಳಿದರೆ ಇಲ್ಲ ಎಂದು ಬರೆಯಬಲ್ಲ ಟೆಸ್ಟಿಂಗ್ ಎಂಜಿನಿಯರುಗಳು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಕಚೇರಿಗಳಲ್ಲೇ ಇದ್ದಾರೆ. ಟೆಂಡರಿನ ಕರಡು ಸಿದ್ಧವಾಗುವ ಹೊತ್ತಿನಲ್ಲೇ ಅವರನ್ನು ಕರೆದು ಕೂರಿಸಿಕೊಳ್ಳಬೇಕು.